ಶಂಭಣ್ಣನ ಹೋಟೆಲಿನ ಎರಡನೇ ಪಂಕ್ತಿ

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಶಂಭುಲಿಂಗಪ್ಪನ ಹೋಟೆಲಿದೆ. ಬೋರ್ಡಿನ ಮೇಲೆ ಬೇರೆ ಏನೋ ಹೆಸರಿದೆ, ಅದನ್ನು ಓದಿದವರು ಕಡಿಮೆ. ಎಲ್ಲರಿಗೂ ಅದು ಶಂಭಣ್ಣನ ಹೋಟ್ಲು. ಐದು ಮೇಜು, ಇಪ್ಪತ್ತು ಜನ ಕೂರುವಷ್ಟು ಬೆಂಚು. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನ ಮುದ್ದೆ, ಉಪ್ಸಾರು, ಅನ್ನ, ಮಜ್ಜಿಗೆ. ಉಪ್ಸಾರಿನ ಖಾರವನ್ನು ಅವನ ಹೆಂಡತಿ ಮಹಾಲಕ್ಷ್ಮಮ್ಮ ಒರಳಿನಲ್ಲೇ ಅರೆಯುತ್ತಾಳೆ. ಹೋಟೆಲಿನಲ್ಲಿ ಮಿಕ್ಸಿ ಇಲ್ಲವೆಂದಲ್ಲ, ಅದನ್ನು ಚಟ್ನಿಗಿಂತ ದೊಡ್ಡ ಕೆಲಸಕ್ಕೆ ಆಕೆ ನಂಬುವುದಿಲ್ಲ.

ನಾನು ಪತ್ರ ಬರಹಗಾರ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಇಪ್ಪತ್ತೆರಡು ವರ್ಷದಿಂದ ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆಯುತ್ತಿದ್ದೇನೆ. ಅಷ್ಟೇ ವರ್ಷದಿಂದ ಮಧ್ಯಾಹ್ನ ಹನ್ನೆರಡೂವರೆಗೆ ಶಂಭಣ್ಣನ ಹೋಟೆಲಿನ ಕಿಟಕಿ ಪಕ್ಕದ ಮೇಜಿನಲ್ಲಿ ನನ್ನ ಊಟ. ಊಟವಾದ ಮೇಲೆ ಅಲ್ಲೇ ಪೇಪರ್ ಬಿಚ್ಚುತ್ತೇನೆ. ಕೊನೆಯ ಗುಟುಕು ಮಜ್ಜಿಗೆಯನ್ನು ಕ್ರೀಡಾ ಪುಟಕ್ಕೆಂದು ಉಳಿಸಿಕೊಳ್ಳುವುದು ನನ್ನ ಪದ್ಧತಿ. ಎರಡೂಕಾಲಿಗೆ ಏಳುತ್ತೇನೆ. ನನಗೆ ಯಾರ ಮೇಲೂ ದ್ವೇಷವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನವರ ಮೇಲೆ ಸ್ವಲ್ಪ ಇತ್ತು.

ಶಂಭಣ್ಣ ನನಗಿಂತ ಎರಡು ವರ್ಷ ಚಿಕ್ಕವನು, ಆದ್ದರಿಂದ ಏಕವಚನ. ಹುಟ್ಟಿದ್ದು ಚಾಮರಾಜನಗರ ತಾಲ್ಲೂಕಿನ ಉಡಿಗಾಲದಲ್ಲಿ. ಅವನ ಜೀವನದಲ್ಲಿ ನಡೆದದ್ದೆಲ್ಲ ಒಂದು ಮದುವೆಯ ಊಟದಲ್ಲಿ ನಡೆದುಹೋಯಿತು. ಆಗ ಅವನಿಗೆ ಹತ್ತು ವರ್ಷ. ತೆರಕಣಾಂಬಿಯಲ್ಲಿ ಸೋದರಮಾವನ ಮಗಳ ಮದುವೆ. ಮೊದಲನೇ ಪಂಕ್ತಿಯಲ್ಲಿ ಕೂತಿದ್ದಾನೆ. ಎಲೆಗೆ ಉಪ್ಪು ಬಂತು, ಪಲ್ಯ ಬಂತು, ಕೋಸಂಬರಿ ಬಂತು, ಶ್ಯಾವಿಗೆ ಪಾಯಸವೂ ಬಂತು. ಕೈ ಹಾಕಬೇಕು, ಅಷ್ಟರಲ್ಲಿ ಗಂಡಿನ ಕಡೆಯ ಬೀಗರಲ್ಲಿ ಒಬ್ಬರಿಗೆ ಜಾಗ ಕಡಿಮೆ ಬಿತ್ತು. ಮಾವ ಸಾಲು ಪೂರ್ತಿ ನೋಡಿಕೊಂಡು ಬಂದು ಇವನ ಮುಂದೆ ನಿಂತರು.

"ಏಳ್ಲಾ ಶಂಭು. ನೀ ನಮ್ಮೋನೇ ತಾನೆ? ಎರಡ್ನೇ ಪಂಕ್ತೀಲಿ ಕುಂತ್ಕಳೀವಂತೆ."

ಇವನು ಎದ್ದ. ಬೀಗರಿಗೆ ಬೇರೆ ಎಲೆ ಹಾಕಿದರು. ಪಾಯಸದ ಎಲೆ ಹಿತ್ತಲಿನ ಹಸುವಿಗೆ ಹೋಯಿತು. ಎರಡನೇ ಪಂಕ್ತಿಗೆ ಇವನು ಹೋಗಲಿಲ್ಲ, ಹೋಗಲಿಲ್ಲವೆಂದು ಯಾರಿಗೂ ಗೊತ್ತಾಗಲೂ ಇಲ್ಲ. ಇದನ್ನು ಶಂಭಣ್ಣ ಇಪ್ಪತ್ತೆರಡು ವರ್ಷದಲ್ಲಿ ನನಗೆ ಎರಡು ಸಲ ಹೇಳಿದ್ದಾನೆ. ಎರಡು ಸಲವೂ ಅವೇ ಮಾತು, ಸಿಟ್ಟಿಲ್ಲದೆ. ಕೊನೆಗೆ ಎರಡು ಸಲವೂ ಇಷ್ಟು ಸೇರಿಸಿದ: "ಹಸ ಪೂರ್ತಿ ತಿನ್ನಲಿಲ್ಲ ಕಣಿ."

ದೊಡ್ಡವನಾಗಿ ಚಾಮರಾಜನಗರದ ಒಂದು ಹೋಟೆಲಿನಲ್ಲಿ ಒಂಬತ್ತು ವರ್ಷ ಸಪ್ಲೈಯರ್ ಆಗಿದ್ದ. ಒಂದು ಸಂತೆಯ ದಿನ ಮಾಲೀಕರು, ಕಾಫಿ ಕುಡಿಯುತ್ತ ಕೂತಿದ್ದ ಮುದುಕರೊಬ್ಬರನ್ನು ತೋರಿಸಿ "ಎಬ್ಬಿಸು" ಅಂದರು. ಶಂಭಣ್ಣ ಲೋಟ ಬಗ್ಗಿ ನೋಡಿ, "ಇನ್ನೂ ಅದ ಸಾಮಿ" ಅಂದ. ಅವತ್ತೇ ಕೆಲಸ ಹೋಯಿತು. ಗುಂಡ್ಲುಪೇಟೆಗೆ ಬಂದು ಸ್ವಂತ ಹೋಟೆಲ್ ಇಟ್ಟ. ಅದರಲ್ಲಿ ಒಂದೇ ಕಾನೂನು: ಕೂತವರ ಮುಂದೆ ತಟ್ಟೆಯಲ್ಲೋ ಲೋಟದಲ್ಲೋ ಏನಾದರೂ ಇರುವವರೆಗೆ ಅವರನ್ನು ಎಬ್ಬಿಸಬಾರದು. ಇದನ್ನು ಅವನು ಎಲ್ಲೂ ಬರೆಸಿರಲಿಲ್ಲ. ಬರೆಸದೆಯೇ ಎಲ್ಲರಿಗೂ ಸರಿಹೋಗಿತ್ತು, ಏಕೆಂದರೆ ಮುದ್ದೆ ಮುಂದಿಟ್ಟುಕೊಂಡು ನಮ್ಮ ಕಡೆ ಯಾರೂ ತಡ ಮಾಡುವುದಿಲ್ಲ.

ಮಹಾಲಕ್ಷ್ಮಮ್ಮನ ಮಿಕ್ಸಿ ಕರೆಂಟ್ ಹೋದಾಗ ನಿಲ್ಲಬಾರದೆಂದು ಶಂಭಣ್ಣ ಒಂದು ಇನ್ವರ್ಟರ್ ತಂದ. ಹೋಟೆಲಿನ ಹಿಂದೆಯೇ ಮೊಬೈಲ್ ಟವರ್. ಈ ಎರಡೂ ಒಂದೇ ಜಾಗದಲ್ಲಿ ಸೇರಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ತೆರಕಣಾಂಬಿಯ ವನಿತಾಳಿಗೆ ಗೊತ್ತಾಯಿತು.

ವನಿತಾ ಇಪ್ಪತ್ನಾಲ್ಕರ ಹುಡುಗಿ. ಅವಳ ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ನೀರಿನ ತೊಟ್ಟಿಯ ಮೇಲೆ ಹತ್ತಿ ನಿಲ್ಲಬೇಕು. ತೊಟ್ಟಿಯ ಮೇಲೆ ನಿಂತು ಎಂಟು ಗಂಟೆ ಕೆಲಸ ಮಾಡುವುದು ಕಷ್ಟ. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಬಂದು ಶಂಭಣ್ಣನ ಹೋಟೆಲಿನ ಎರಡನೇ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಯಾವುದೋ ಆನ್‌ಲೈನ್ ಅಂಗಡಿಯ ಗಿರಾಕಿಗಳಿಗೆ ಉತ್ತರ ಕೊಡುವ ಕೆಲಸ. ಯಾರಿಗೋ ಬಂದ ಸೀರೆಯ ಬಣ್ಣ ಬೇರೆ, ಇನ್ಯಾರಿಗೋ ಚಪ್ಪಲಿ ಒಂದೇ ಕಾಲಿನದು ಬಂದಿದೆ. ಇವಳು ಅವರಿಗೆಲ್ಲ ಸಂಜೆಯವರೆಗೆ ಕ್ಷಮೆ ಕೇಳಬೇಕು. ತಾನು ಮಾಡದ ತಪ್ಪಿಗೆ ಕ್ಷಮೆ ಕೇಳಿ ಸಂಬಳ ತರುವ ಮಗಳೆಂದು ಅವರ ಮನೆಯಲ್ಲಿ ಹೆಮ್ಮೆಯಿತ್ತು.

ಅವಳನ್ನು ನೋಡಿ ಸೋಮೇಶ್ ಬಂದ. ಊಟಿ ರಸ್ತೆಯ ರೆಸಾರ್ಟೊಂದರ ರೂಮುಗಳನ್ನು ಅವನು ಲ್ಯಾಪ್‌ಟಾಪಿನಲ್ಲೇ ಬಾಡಿಗೆಗೆ ಕೊಡುತ್ತಾನೆ. ಆಮೇಲೆ ಕೇರಳದ ಬತ್ತೇರಿ ಕಡೆಯ ಒಬ್ಬ ಮನೆ ನಕ್ಷೆ ಬಿಡಿಸುವವ. ಆಮೇಲೆ ಪರೀಕ್ಷೆಗೆ ಓದುವ ಗುಂಪು. ಮಳೆಗಾಲದ ಹೊತ್ತಿಗೆ ಇಪ್ಪತ್ತರಲ್ಲಿ ಹನ್ನೆರಡು ಜಾಗ ಅವರದ್ದೇ. ಒಬ್ಬೊಬ್ಬರ ಮುಂದೆಯೂ ಒಂದು ಟೀ ಲೋಟ, ತಳದಲ್ಲಿ ಒಂದು ಗುಟುಕು, ಅದರ ಮೇಲೆ ಬೆಳಗಿನ ಕೆನೆ. ಶಂಭಣ್ಣನ ಕಾನೂನನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆದರೂ ನನ್ನ ಕಕ್ಷಿದಾರರು ಕಂದಾಯದ ಕಾನೂನು ಪಾಲಿಸುವುದಕ್ಕಿಂತ ಚೆನ್ನಾಗಿ ಪಾಲಿಸುತ್ತಿದ್ದರು. ಒಂದು ಗುಟುಕು ಉಳಿಸಿಕೊಂಡು ಗಂಟೆಗಟ್ಟಲೆ ಜಾಗ ಹಿಡಿಯುವ ಈ ನಾಚಿಕೆಗೇಡಿನ ಬಗ್ಗೆ ನಾನು ಕಿಟಕಿ ಪಕ್ಕದಲ್ಲಿ ಕೂತು ದಿನವೂ ಹಲ್ಲು ಕಡಿಯುತ್ತಿದ್ದೆ.

ಪೆಟ್ಟು ಬಿದ್ದದ್ದು ಮಧ್ಯಾಹ್ನದ ಊಟಕ್ಕೆ. ತರಕಾರಿ ಮಂಡಿಯ ಹಮಾಲಿಗಳು ಒಂದು ಗಂಟೆಗೆ ಬರುತ್ತಾರೆ. ಕೇರಳದ ಲಾರಿ ತುಂಬಬೇಕು, ಅವರಿಗಿರುವುದು ಅರ್ಧ ಗಂಟೆ. ಬಾಗಿಲಲ್ಲಿ ನಿಂತು ಇಣುಕಿ, ಜಾಗವಿಲ್ಲದೆ ಎದುರು ಹೋಟೆಲಿಗೆ ಹೋಗತೊಡಗಿದರು. ಒಂದು ದಿನ ಮಹಾಲಕ್ಷ್ಮಮ್ಮ ಮುದ್ದೆಯ ಪಾತ್ರೆಯನ್ನೇ ತಂದು ಗಂಡನ ಮುಂದೆ ಇಟ್ಟಳು.

"ನೆನ್ನೆ ಇಪ್ಪತ್ತು ಮುದ್ದೆ ಮಿಕ್ತು, ಇವತ್ತು ಇಪ್ಪತ್ತೆರಡು. ನಮ್ಮನೇಲಿ ಅಸುವೂ ಇಲ್ಲ. ಯಾರ್ಗ್ ಆಕನ?"

"ಏನ್ ಮಾಡನ ಮತ್ತ?" ಅಂದ ಶಂಭಣ್ಣ.

"ಕುಂತೋರ್ನ ಏಳಿ ಅನ್ನು. ಅನ್ನಕ ಆಗದಿಲ್ವಾ, ದೀಪಾವಳಿಗ ಊಟ ನಿಲ್ಲಿಸ್ಬುಡನ. ನಾ ಒರಳ ಕವುಚಾಕ್ಬುಟ್ಟು ಕುಂತ್ಕತೀನಿ, ನೀ ಟೀ ಮಾರ್ಕಂಡಿರು."

ಆಕೆ ಹೇಳಿದಂತೆ ಮಾಡುವ ಹೆಂಗಸು. ಶಂಭಣ್ಣ ನನ್ನ ಕಡೆ ನೋಡಿದ. ಊರಿನಲ್ಲಿ ಯಾರಿಗೆ ಕಷ್ಟ ಬಂದರೂ ಕೊನೆಗೆ ಬರುವುದು ನನ್ನ ಹತ್ತಿರವೇ, ಆಸ್ತಿ ಭಾಗವಾಗುವಾಗ.

ಮೊದಲು ನಾನೊಂದು ಬೋರ್ಡು ಬರೆದುಕೊಟ್ಟೆ. "ಈ ಹೋಟೆಲಿಗೆ ದಯಮಾಡಿಸುವ ಗ್ರಾಹಕ ಮಹಾಶಯರಲ್ಲಿ ಅರಿಕೆ ಏನೆಂದರೆ, ಪೂರ್ವಕ್ಕೆ ಬಸ್ ನಿಲ್ದಾಣದ ಗೋಡೆ, ಪಶ್ಚಿಮಕ್ಕೆ ಸರ್ಕಾರಿ ಚರಂಡಿ, ಈ ಚಕ್ಕುಬಂದಿಯೊಳಗಿರುವ ಸದರಿ ಹೋಟೆಲಿನ ಬೆಂಚುಗಳ ಮೇಲೆ ಮಧ್ಯಾಹ್ನದ ಊಟದ ಕಾಲದಲ್ಲಿ ಗಣಕಯಂತ್ರ ಸಮೇತ" ಎಂದು ಶುರುವಾಗಿ ಹನ್ನೊಂದು ಸಾಲಿಗೆ ಮುಗಿಯುತ್ತಿತ್ತು. ಅದರಲ್ಲಿ ತಪ್ಪು ಹುಡುಕಲು ಯಾವ ವಕೀಲನಿಂದಲೂ ಆಗುತ್ತಿರಲಿಲ್ಲ. ಲ್ಯಾಪ್‌ಟಾಪಿನವರು ಶ್ರದ್ಧೆಯಿಂದ ಓದಿದರು. ಓದಿ ಮುಗಿಸುವಷ್ಟರಲ್ಲಿ ಟೀ ಆರಿತ್ತು, ಇನ್ನೊಂದು ಹೇಳಿದರು.

ಆಮೇಲೆ ಫ್ಯಾನ್ ನಿಲ್ಲಿಸಿ ನೋಡಿದೆವು. ಅವರು ಬೆವರಲಿಲ್ಲ. ಊಟಕ್ಕೆ ಬಂದ ನಾಲ್ಕು ಜನ ಬೆವರಿ ಬೈದು ಹೋದರು. ಪ್ಲಗ್ಗಿಗೆ ರಟ್ಟು ಅಂಟಿಸಿದೆವು. ವನಿತಾ ಬಂದು, "ಶಂಭಣ್ಣ, ಪ್ಲಗ್ ಕೆಟ್ಟೋಗದ? ನಮ್ಮಣ್ಣ ರಿಪೇರಿ ಮಾಡ್ತಾನ, ಕರ್ಕ ಬತ್ತೀನಿ" ಅಂದಳು. ಶಂಭಣ್ಣ ತಾನೇ ಹೋಗಿ ರಟ್ಟು ಕಿತ್ತ.

"ಒಳ್ಳೇ ಎಣ್ಮಗ ಕನ ಸಾಮಿ," ಅಂದ ನನಗೆ.

"ಒಳ್ಳೆಯವರಾಗಿರುವುದೇ ತೊಂದರೆ" ಅಂದೆ.

ಕೊನೆಗೆ ನಮ್ಮ ಕಡೆಯ ಹಳೆಯ ಉಪಾಯ ನೆನಪಾಯಿತು. ಹೋಟೆಲ್ ತುಂಬಿದಾಗ ಬಂದವರು ಏನು ಮಾಡುತ್ತಾರೆ? ಊಟ ಮುಗಿಯುತ್ತ ಬಂದವರ ಬೆನ್ನಿಗೆ ಹೋಗಿ ನಿಲ್ಲುತ್ತಾರೆ. ಏನೂ ಮಾತಾಡುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ, ಆಗಾಗ ಒಂದು ಉಸಿರು ಬಿಡುತ್ತಾರೆ. ಎಂಥ ಗಟ್ಟಿ ಆಸಾಮಿಯಾದರೂ ಮಜ್ಜಿಗೆ ಬಿಟ್ಟು ಎದ್ದುಬಿಡುತ್ತಾನೆ. ಮಂಡಿಯ ಮೂಗಯ್ಯನಿಂದ ಈ ಕೆಲಸ ಮಾಡಿಸೋಣವೆಂದೆ. ಅರವತ್ತು ದಾಟಿದ ಹಮಾಲಿ, ಹೋಟೆಲ್ ಶುರುವಾದಾಗಿನಿಂದ ಬರುವವನು, ಉಳಿದವರೆಲ್ಲ ಎದುರಿಗೆ ಹೋದರೂ ಉಪ್ಸಾರು ಬಿಡಲಾರದೆ ಇಲ್ಲೇ ಉಳಿದವನು.

ಶಂಭಣ್ಣನಿಗೆ ಅನುಮಾನ. "ಹಿಂದ ನಿಂತ್ಕಂಡ್ರ ಎಬ್ಬಿಸ್ದಂಗ ಆಗದಿಲ್ವಾ ರೈಟ್ರೇ?"

"ನಿಲ್ಲುವುದು ಬೇರೆ, ಎಬ್ಬಿಸುವುದು ಬೇರೆ" ಎಂದು ತೀರ್ಪು ಕೊಟ್ಟೆ.

ಒಂದು ಗಂಟೆಗೆ ಮೂಗಯ್ಯ ವನಿತಾಳ ಹಿಂದೆ ನಿಂತ. ನಿಲ್ಲುವುದರಲ್ಲಿ ಅವನಿಗೆ ನಲವತ್ತು ವರ್ಷದ ಅನುಭವ. ಆದರೆ ತಲೆಯ ಮೇಲೆ ಮೂಟೆ ಇಲ್ಲದೆ ನಿಂತು ಗೊತ್ತಿಲ್ಲವಾದ್ದರಿಂದ ಕಣ್ಣು ಲ್ಯಾಪ್‌ಟಾಪಿನ ಮೇಲೆ ಹೋಯಿತು. ಅಲ್ಲಿ ಒಂಟಿ ಚಪ್ಪಲಿಯ ಫೋಟೋ.

"ಅದ್ಯಾಕವ್ವ ಒಂದೇ ಅದ?"

ವನಿತಾ ತಿರುಗಿ ವಿಷಯ ಹೇಳಿದಳು.

"ಅದ್ಕ ಸಾರಿ ಕೇಳ್ದರ ಅವ್ನು ಸಾರಿ ಮೆಟ್ಕಂಡ್ ನಡ್ದಾನಾ? ಇನ್ನೊಂದ್ ಕಾಲಿಂದು ಕಳಿಸ್ಬುಡು."

"ನಂಗ ಕಳಿಸಕ ಅಧಿಕಾರ ಇಲ್ಲ ತಾತ. ಕ್ಷಮೆ ಕೇಳಕ ಮಾತ್ರ ಅದ."

ಮೂಗಯ್ಯನಿಗೆ ಇದು ವಿಚಿತ್ರವಾಗಿ ಕಂಡಿತು. ಮುಂದಿನ ಗಿರಾಕಿಯದೂ ನೋಡಿದ, ಅದರ ಮುಂದಿನದೂ ನೋಡಿದ. ಅರ್ಧ ಗಂಟೆ ಕಳೆದು ಲಾರಿಯವನು ಹಾರನ್ ಹೊಡೆದಾಗ ಊಟವಿಲ್ಲದೆ ಮಂಡಿಗೆ ಓಡಿದ. ಹೋಗುವಾಗ, "ಪಾಪ ಸಾಮಿ ಆ ಮಗ" ಎಂದು ನನಗೆ ಹೇಳಿ ಹೋದ. ನನ್ನ ಉಪಾಯಕ್ಕೆ ಒಬ್ಬ ಉಪವಾಸ ಬಿದ್ದದ್ದಷ್ಟೇ ಬಂತು.

ಮಾರನೆಯ ದಿನ ಮೂಗಯ್ಯ ಯಾರ ಹಿಂದೆಯೂ ನಿಲ್ಲಲಿಲ್ಲ. ಅಡುಗೆಮನೆಯ ಕಿಂಡಿಯಿಂದ ತಟ್ಟೆ ಇಸಿದುಕೊಂಡು ಹೊರಗೆ ಹೋಗಿ, ಚರಂಡಿಯ ಚಪ್ಪಡಿಯ ಮೇಲೆ ನಿಂತು ಮುದ್ದೆ ಮುರಿಯತೊಡಗಿದ. ತುಂತುರು ಮಳೆ ಬರುತ್ತಿತ್ತು. ತಲೆಯ ಮೇಲಿನ ಟವೆಲ್ಲಿನ ಒಂದು ತುದಿಯನ್ನು ತಟ್ಟೆಗೆ ಅಡ್ಡ ಹಿಡಿದಿದ್ದ. ಗಲ್ಲಾದಲ್ಲಿ ಕೂತಿದ್ದ ಶಂಭಣ್ಣನಿಗೆ ಅದು ಕಾಣಿಸಿತು. ಎದ್ದು ಬಾಗಿಲಿಗೆ ಹೋದ. ಕಿಟಕಿ ಪಕ್ಕದಲ್ಲಿದ್ದ ನನಗೆ ಎಲ್ಲ ಕೇಳುತ್ತಿತ್ತು.

"ಮೂಗಯ್ಯ, ಒಳಕ ಬಾ. ನೆನೀತಿದ್ದೀಯ."

"ಜಾಗ ಎಲ್ಲದ ಸಾಮಿ? ಬುಡಿ, ನಾನೇನ್ ಪರ್ರೋನಾ, ನಿಮ್ಮೋನೇ. ಆಮೇಲ ಎಂದಾರ ಕುಂತ್ಕತೀನಿ."

ಶಂಭಣ್ಣ ಬಾಗಿಲಲ್ಲೇ ನಿಂತ. ಎಷ್ಟು ಹೊತ್ತು ನಿಂತನೆಂದರೆ ನಾನು ಪೇಪರಿನಿಂದ ತಲೆಯೆತ್ತಿ ನೋಡಬೇಕಾಯಿತು. ಅವನ ಮುಖ ಹತ್ತು ವರ್ಷದ ಹುಡುಗನದಾಗಿತ್ತು ಎಂದು ಬರೆದರೆ ನಿಮಗೆ ಚೆನ್ನಾಗಿ ಕಾಣಬಹುದು. ನನಗೆ ಕಂಡದ್ದು ಅರವತ್ತರ ಮುಖವೇ, ಬೂದಿ ಬಳಿದಂತಾಗಿತ್ತು. ಕೂತವರನ್ನು ಎಬ್ಬಿಸಬಾರದೆಂದು ಇಷ್ಟು ವರ್ಷ ಕಾದುಕೊಂಡು ಬಂದವನ ಹೋಟೆಲಿನಲ್ಲಿ, ಕೂರಬೇಕಾದ ಮುದುಕನೊಬ್ಬ ಮಳೆಯಲ್ಲಿ ನಿಂತು ಉಣ್ಣುತ್ತಿದ್ದ.

ಅವನು ಒಳಗೆ ತಿರುಗಿದ. ಮೇಜು ಮೇಜಿಗೂ ಕಣ್ಣಾಡಿಸಿದ. ಇವತ್ತು ಎಬ್ಬಿಸುತ್ತಾನೆ, ಖಂಡಿತ ಎಬ್ಬಿಸುತ್ತಾನೆ ಅನ್ನಿಸಿತು. ಚೆನ್ನಾಗಿ ನೋಡೋಣವೆಂದು ಪೇಪರ್ ಮಡಚಿದೆ. ಅವನು ವನಿತಾಳ ಮೇಜಿನ ಹತ್ತಿರ ಬಂದ, ಅವಳ ಲೋಟ ಬಗ್ಗಿ ನೋಡಿದ, ಮುಂದೆ ಹೋದ. ಸೋಮೇಶನ ಲೋಟ ನೋಡಿದ, ಮುಂದೆ ಬಂದ. ಬಂದು ನನ್ನ ಮುಂದೆ ನಿಂತ.

"ರೈಟ್ರೇ, ಏಳಿ."

"ಯಾರು, ನಾನಾ?"

"ಊಂ. ಏಳಿ."

ನಾನು ಲೋಟ ತೋರಿಸಿದೆ. "ಮಜ್ಜಿಗೆ ಇನ್ನೂ ಇದೆ."

"ಕಂಡಿದ್ದೀನಿ," ಅಂದ. "ಇಪ್ಪತ್ತೆರಡು ವರ್ಸದಿಂದ ಕಂಡಿದ್ದೀನಿ. ನೀವು ನಮ್ಮೋರೇ ಅಲ್ವಾ? ಏಳಿ ಸಾಮಿ."

ಲ್ಯಾಪ್‌ಟಾಪಿನ ಟಕಟಕ ನಿಂತಿತ್ತು. ನಾನು ಎದ್ದೆ. ಏಳುವಾಗ ಪೇಪರ್ ಬಿತ್ತು, ಬಗ್ಗಿ ಎತ್ತಿಕೊಳ್ಳಲು ಮನಸ್ಸಾಗಲಿಲ್ಲ. ಶಂಭಣ್ಣ ಹೊರಗೆ ಹೋಗಿ ಮೂಗಯ್ಯನ ತಟ್ಟೆಯನ್ನು ತನ್ನ ಕೈಯಲ್ಲೇ ಹಿಡಿದು ತಂದು ನನ್ನ ಜಾಗದಲ್ಲಿ ಇಟ್ಟ. ಮೂಗಯ್ಯ ನನ್ನ ಮುಖ ನೋಡಲಾರದೆ ಕೂತ. ನಾನು ಬಾಗಿಲು ದಾಟುವಾಗ ಹಿಂದೆ ಸದ್ದಾಯಿತು. ವನಿತಾ ಕೆನೆ ಕಟ್ಟಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಲ್ಯಾಪ್‌ಟಾಪ್ ಮುಚ್ಚಿದ್ದಳು. ಅವಳ ಹಿಂದೆ ಸೋಮೇಶ್ ಎದ್ದ, ಬತ್ತೇರಿಯವನು ಎದ್ದ, ಪರೀಕ್ಷೆಯವರು ಪುಸ್ತಕ ಜೋಡಿಸಿಕೊಂಡರು. ಇಪ್ಪತ್ತೆರಡು ವರ್ಷದ ಗಿರಾಕಿಯನ್ನೇ ಎಬ್ಬಿಸಿದ ಮೇಲೆ ತಾವು ಯಾವ ಲೆಕ್ಕ ಎಂದುಕೊಂಡಿರಬೇಕು. ಯಾರೂ ಅವರಿಗೆ ಒಂದು ಮಾತು ಹೇಳಿರಲಿಲ್ಲ.

ಇನ್ನು ಆ ಹೋಟೆಲಿನ ಹೊಸಿಲು ತುಳಿಯುವುದಿಲ್ಲವೆಂದು ನಿರ್ಧಾರ ಮಾಡಿದೆ. ನಿಜ ಹೇಳುತ್ತೇನೆ, ನನಗೆ ನೋವಾಗಿತ್ತು. ಎರಡು ದಿನ ಎದುರು ಹೋಟೆಲಿನಲ್ಲಿ ಉಂಡೆ. ಅಲ್ಲಿ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ. ಜಾಗವೇನೋ ಬೇಕಾದಷ್ಟಿತ್ತು. ಆದರೆ ಉಂಡಾದ ಮೇಲೆ ಪೇಪರ್ ಬಿಚ್ಚಿದರೆ ಯಾರೋ ಹಿಂದೆ ನಿಂತಿದ್ದಾರೆ ಅನ್ನಿಸಿ ಮೂರು ಸಲ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹತ್ತಾರು ಮನೆ ಪಾಲು ಮಾಡಿಸಿದ ನಾನು, ಒಂದು ಗುಟುಕು ಮಜ್ಜಿಗೆಯ ಬಲದಲ್ಲಿ ಎಷ್ಟು ಜನರ ಪಾಲಿನ ಬೆಂಚನ್ನು ಎಷ್ಟು ವರ್ಷ ಅನುಭವಿಸಿದೆನೆಂದು ಆಗ ಹೊಳೆಯಿತು. ಹೊಳೆದದ್ದು ಇಷ್ಟವಾಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಶಂಭಣ್ಣ ಕಚೇರಿಯ ಎದುರಿನ ನನ್ನ ಮೇಜಿಗೇ ಬಂದ. ಗಲ್ಲಾ ಬಿಟ್ಟು ಅವನು ಅಷ್ಟು ದೂರ ಬಂದದ್ದನ್ನು ನಾನು ಕಂಡಿರಲಿಲ್ಲ. ಯಾವುದೋ ಪತ್ರ ಬರೆಸಲು ಬಂದವನ ಹಾಗೆ ಸ್ಟೂಲಿನ ತುದಿಯಲ್ಲಿ ಕೂತ.

"ಊಟಕ್ ಬರ್ಲಿಲ್ಲ."

"ಎಬ್ಬಿಸಿದಿಯಲ್ಲ" ಅಂದೆ.

"ಎಬ್ಬಿಸ್ಬುಟ್ಟೆ." ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡ. "ನೀವ್ ಬರ್ದೇ ಇದ್ದ ಎರಡ್ ದಿನ ಯಾರೂ ಏಳ್ಲಿಲ್ಲ ರೈಟ್ರೇ. ಪರ್ರೋರ್ನ ಏಳಿ ಅನ್ನಕ ನಂಗ ಬಾಯ್ ಬರದಿಲ್ಲ. ನೀವಿಲ್ದೆ ನಾ ಯಾರ್ನ ಎಬ್ಬಿಸ್ಲಿ?"

ನಲವತ್ತು ಬಗೆಯ ಪತ್ರಗಳ ಒಕ್ಕಣೆ ನನಗೆ ಬಾಯಿಪಾಠ. ಅವನ್ನೆಲ್ಲ ಬದಿಗಿಟ್ಟು ಪೆನ್ನಿಗೆ ಮುಚ್ಚಳ ಹಾಕಿದೆ.

"ಮಹಾಲಕ್ಷ್ಮಮ್ಮ ಏನಂದರು?" ಅಂದೆ.

"ಒರಳ ತೊಳ್ದಿಟ್ಟವಳ. ಕವುಚಾಕ್ಲಾ ಅಂತ ಕೇಳ್ತಾವಳ."

ಅವತ್ತಿನಿಂದ ನಡೆಯುತ್ತಿರುವ ಏರ್ಪಾಡು ಇದು. ಹನ್ನೆರಡೂವರೆಗೆ ನಾನು ಹೋಗಿ ಕಿಟಕಿ ಪಕ್ಕ ಕೂರುತ್ತೇನೆ. ಮುಂದೆ ಒಂದು ಲೋಟ ಮಜ್ಜಿಗೆ ಮಾತ್ರ. ಪೇಪರ್ ಬಿಚ್ಚುತ್ತೇನೆ. ಒಂದಕ್ಕೆ ಐದು ನಿಮಿಷವಿರುವಾಗ ಶಂಭಣ್ಣ ಬಂದು, ಎಲ್ಲರಿಗೂ ಕೇಳುವಂತೆ, "ರೈಟ್ರೇ, ಏಳಿ, ಊಟದೊತ್ತು" ಅನ್ನುತ್ತಾನೆ. ನಾನು ಮರ್ಯಾದೆಗಾಗಿ ಸ್ವಲ್ಪ ಗೊಣಗುತ್ತೇನೆ. ಹೊಸಬರು ಯಾರಾದರೂ ಇದ್ದರೆ ಜಾಸ್ತಿ ಗೊಣಗುತ್ತೇನೆ. ನಾನು ಎದ್ದ ಕೂಡಲೇ ಲ್ಯಾಪ್‌ಟಾಪುಗಳು ಟಪಟಪ ಮುಚ್ಚುತ್ತವೆ. ವನಿತಾ ತನ್ನ ಕಂಪನಿಯವರನ್ನು ಒಂದರಿಂದ ಎರಡೂವರೆಯವರೆಗೆ ಊಟದ ಬಿಡುವು ಕೇಳಿದಳಂತೆ. ಆ ಬಿಡುವು ಮೊದಲಿನಿಂದಲೂ ಇತ್ತಂತೆ, ಇವಳೇ ಕೇಳಿರಲಿಲ್ಲ. ಈಗ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಕೂತು ಉಣ್ಣುತ್ತಾಳೆ. ಖಾರ ಅರೆಯುವುದನ್ನು ಮಹಾಲಕ್ಷ್ಮಮ್ಮ ಹೇಳಿಕೊಡುತ್ತಾಳೆ, "ಇಂಗಲ್ಲ ಕಣಮ್ಮಿ" ಎಂದು ದಿನವೂ ಕೇಳಿಸುತ್ತದೆ. ಹಮಾಲಿಗಳು ಎದುರಿನಿಂದ ವಾಪಸು ಬಂದಿದ್ದಾರೆ. ಮುದ್ದೆ ಮಿಗುವುದಿಲ್ಲ. ಎರಡೂವರೆಗೆ ಲ್ಯಾಪ್‌ಟಾಪಿನವರು ಬಂದು ಮತ್ತೆ ಕೂರುತ್ತಾರೆ. ನನ್ನ ಹನ್ನೊಂದು ಸಾಲಿನ ಬೋರ್ಡು ಇನ್ನೂ ಅಲ್ಲೇ ಇದೆ, ಯಾರೂ ಓದುವುದಿಲ್ಲ.

ಏರ್ಪಾಡಿನ ಮೊದಲನೆಯ ದಿನದ ಒಂದು ವಿಷಯ ಹೇಳಬೇಕು. ಒಂದಕ್ಕೆ ಐದಿದ್ದಾಗ ನನ್ನನ್ನು ಎಬ್ಬಿಸಿಯಾಯಿತು. ಬಸ್ ನಿಲ್ದಾಣದ ಗೋಡೆಯ ನೆರಳಲ್ಲಿ ನಿಂತಿದ್ದೆ, ಹಸಿವಾಗುತ್ತಿತ್ತು. ಎರಡು ಗಂಟೆ ದಾಟಿದ ಮೇಲೆ ಶಂಭಣ್ಣ ಬಾಗಿಲಿಗೆ ಬಂದು ಕೂಗಿದ.

"ಬನ್ನಿ ರೈಟ್ರೇ. ಎರಡ್ನೇ ಪಂಕ್ತಿ."

ಒಳಗೆ ಯಾರೂ ಇರಲಿಲ್ಲ. ಕಿಟಕಿ ಪಕ್ಕದ ಮೇಜು ಒರೆಸಿತ್ತು. ಆ ಹೋಟೆಲಿನಲ್ಲಿ ಸ್ಟೀಲ್ ತಟ್ಟೆ ಬಿಟ್ಟು ಬೇರೆ ಕಂಡವನಲ್ಲ ನಾನು. ಅವತ್ತು ಎದುರುಬದುರಾಗಿ ಎರಡು ಬಾಳೆ ಎಲೆ ಹಾಕಿತ್ತು. ಒಂದರ ಮುಂದೆ ನಾನು ಕೂತೆ. ಇನ್ನೊಂದರ ಮುಂದೆ ಶಂಭಣ್ಣ ಕೂತ. ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಬೆಂಚಿನ ಮೇಲೆ ಕೂತದ್ದನ್ನು ನಾನು ನೋಡಿರಲಿಲ್ಲ. ಮಹಾಲಕ್ಷ್ಮಮ್ಮ ಉಪ್ಪು ಬಡಿಸಿದಳು, ಪಲ್ಯ ಬಡಿಸಿದಳು, ಕೋಸಂಬರಿ ಬಡಿಸಿದಳು. ಕೊನೆಗೆ ಒಳಗಿನಿಂದ ಶ್ಯಾವಿಗೆ ಪಾಯಸ ತಂದು ಮೊದಲು ಗಂಡನ ಎಲೆಗೆ ಬಡಿಸಿದಳು.

ಶಂಭಣ್ಣ ಒಂದು ಸಲ ಬಾಗಿಲ ಕಡೆ ನೋಡಿದ. ಯಾರೂ ಬರುತ್ತಿರಲಿಲ್ಲ. ಆಮೇಲೆ ಕೈ ಹಾಕಿದ. ನಿಧಾನ, ಎಷ್ಟು ನಿಧಾನವೆಂದರೆ ನನ್ನ ಊಟ ಪೂರ್ತಿ ಮುಗಿದು ಮಜ್ಜಿಗೆಯೂ ಮುಗಿದಿತ್ತು. ಎರಡೂವರೆಯಾಯಿತು. ಕಚೇರಿಯಲ್ಲಿ ಇಬ್ಬರು ಕಕ್ಷಿದಾರರು ಕಾಯುತ್ತಿದ್ದರು. ಬಾಗಿಲಲ್ಲಿ ವನಿತಾ ಲ್ಯಾಪ್‌ಟಾಪ್ ತಬ್ಬಿಕೊಂಡು ಬಂದು, ನಮ್ಮನ್ನು ನೋಡಿ, ಅಲ್ಲೇ ಹೊರಗೆ ನಿಂತಳು. ಶಂಭಣ್ಣನ ಎಲೆಯಲ್ಲಿ ಪಾಯಸ ಇನ್ನೂ ಇತ್ತು. ನಾನು ಏಳಲಿಲ್ಲ.